ಎಂಟರಲ್ಲಿ ಎರಡು ಪ್ರೊಸೆಸರು

ಜುಲೈ ಹದಿನಾಲ್ಕು, ಸೋಮವಾರ, ಆಷಾಢ ಬಹುಳ ಚೌತಿ. ಆಧಾರ: ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರು, ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅಂದು ಸಂಕಷ್ಟಿಯಾದ್ದರಿಂದ ನನ್ನ ಹೆಂಡತಿ ಉಪವಾಸವಿದ್ದಳು, ಸಾಫ್ಟ್‌ವೇರ್ ಕಂಪನಿಯ ತನಿಖಾಧಿಕಾರಿ ಬರುವವರಿದ್ದುದರಿಂದ ನಾನೂ ಊಟ ಬಿಟ್ಟಿದ್ದೆ. ತಾರೀಖು ಖಚಿತವಾಗದ ಹೊರತು ನನಗೆ ಮಾತು ಹೊರಡುವುದಿಲ್ಲ. ಆಯುಷ್ಯವೆಲ್ಲ ಶಾಸನಗಳ ಕಾಲನಿರ್ಣಯ ಮಾಡಿದವನಿಗೆ ಅಂಟುವ ರೋಗವಿದು. ಮದುವೆಯ ಪಂಕ್ತಿಯಲ್ಲಿ ಕುಳಿತು ಲಗ್ನಪತ್ರಿಕೆಯ ತಿಥಿ ತಪ್ಪಾಗಿದೆಯೆಂದು ಸಾಧಿಸಿ ತೋರಿಸಿದ್ದಕ್ಕೆ, ಮೂಡಲಗಿಯ ಬೀಗರೊಬ್ಬರು ಇಂದಿಗೂ ನನ್ನನ್ನು ಕಂಡರೆ ರಸ್ತೆಯ ಆಚೆಬದಿಗೆ ಹೋಗುತ್ತಾರೆ.

ನಿವೃತ್ತನಾದ ಮೇಲೆ ಗೋಕಾಕದ ನಮ್ಮ ಇತಿಹಾಸ ಸಂಘದಲ್ಲಿ ಒಂದು ಸರ್ವರ್ ಇರಿಸಿದೆವು. ಹುಕ್ಕೇರಿ, ಮೂಡಲಗಿಗಳ ಶಾಖೆಗಳೂ ಅದನ್ನೇ ಬಳಸಬೇಕು. ನಾನು ಜೀವಮಾನವಿಡೀ ಕೂಡಿಹಾಕಿದ ಶಾಸನಗಳ ಕಾಲಸೂಚಿಯನ್ನು ಅದರಲ್ಲಿನ ಒಂದು ಹುಡುಕಾಟದ ತಂತ್ರಾಂಶದೊಳಗೆ ತುಂಬಿದ್ದಾಯಿತು. ಯಂತ್ರಕ್ಕೆ ಎಂಟು ಪ್ರೊಸೆಸರು. ತಂತ್ರಾಂಶಕ್ಕೆ ನಾವು ಪಡೆದ ಲೈಸೆನ್ಸ್ ಎರಡಕ್ಕೆ ಮಾತ್ರ. ಆದ್ದರಿಂದ ಅದನ್ನು ಎರಡಕ್ಕೇ ಕಟ್ಟಿಹಾಕಿ, ಉಳಿದ ಆರನ್ನು ಛಾಯಾಪ್ರತಿಗಳಂಥ ಬೇರೆ ಕೆಲಸಗಳಿಗೆ ಬಿಡಬೇಕು. ಮೂರನೆಯದನ್ನು ಅದು ಮುಟ್ಟಿದ್ದು ಕಂಡುಬಂದರೆ ಎಂಟಕ್ಕೂ ಲೈಸೆನ್ಸ್ ಕೊಳ್ಳಬೇಕು, ಕೊಳ್ಳುವವರೆಗೆ ತಂತ್ರಾಂಶಕ್ಕೆ ಬೀಗ. ಬೀಗದೊಳಗೆ ನನ್ನ ಕಾಲಸೂಚಿ.

ಈ ತತ್ತ್ವ ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಸಂಘದ ಕಾರ್ಯದರ್ಶಿ ಶಿವಲಿಂಗಪ್ಪನವರಿಗೆ ಒಂದು ಕಪ್ ಚಹಾ ಮುಗಿಯುವಷ್ಟೇ ಹೊತ್ತು ಸಾಕಾಯಿತು. ಅವರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಗಾರರನ್ನು ಯಂತ್ರಗಳಿಗೆ ಹಂಚುವ ಜಾಬರ್ ಆಗಿದ್ದವರು.

"ಇದರಾಗ ತಿಳೀಲಾರದ್ದು ಏನೈತ್ರಿ ಸರ? ಎಂಟು ಮಂದ್ಯಾಗ ಇಬ್ಬರಿಗಷ್ಟ ಪಾಸ್ ಕೊಟ್ಟಾರ. ಆ ಇಬ್ಬರನ್ನ ಒಳಗ ಬಿಡ್ರಿ, ಉಳದವ್ರನ್ನ ಬಾಗಲದಾಗ ನಿಂದರಿಸ್ರಿ."

ಹಾಗೆಯೇ ಮಾಡಿದೆ. ಯಂತ್ರ ಕೊಟ್ಟವರು ಫೋನಿನಲ್ಲಿ ಹೇಳಿಕೊಟ್ಟಂತೆ, ಪ್ರೊಸೆಸರುಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ಸೊನ್ನೆ ಮತ್ತು ಒಂದನೆಯವಕ್ಕೆ ತಂತ್ರಾಂಶವನ್ನು ನಾನೇ ಒಪ್ಪಿಸಿದೆ. ಅಂದಿನ ಸಂತೃಪ್ತಿ ನನಗೆ ಇಂದಿಗೂ ನಿಚ್ಚಳವಾಗಿ ನೆನಪಿದೆ.

ಆದರೆ ಹುಡುಕಾಟ ಎತ್ತಿನ ಗಾಡಿಯಂತೆ ಸಾಗತೊಡಗಿತು. ಹುಕ್ಕೇರಿ ಶಾಖೆಯ ಗ್ರಂಥಪಾಲಕಿ ಕಮಲಕ್ಕ ಫೋನು ಮಾಡಿದರು.

"ಸರ, ಒಂದ ಶಾಸನ ಹುಡಕಾಕ ಹಚ್ಚಿ ಸಂತಿಗಿ ಹೋಗಿ ಬಂದ್ನಿ. ಬದ್ನಿಕಾಯಿ ಹೆಚ್ಚಿದ್ದೂ ಆತು. ನಿಮ್ಮ ಮಷೀನು ಇನ್ನೂ ತಿರಗಾಕತ್ತೈತಿ."

"ನಿಮ್ಮ ಊರಿನ ಲೈನು ಸರಿಯಿಲ್ಲವಮ್ಮ," ಎಂದೆ.

"ಅದ ಲೈನಿನ್ಯಾಗ ನನ್ನ ಮೊಮ್ಮಗಳು ಸಿನಿಮಾ ನೋಡಾಕತ್ತಾಳ್ರಿ. ಆಕಿಗಿ ಏನೂ ತ್ರಾಸಿಲ್ಲ."

ಸಂಶೋಧನೆಗೆ ಸಹನೆ ಬೇಕೆಂದು ಅವರಿಗೆ ವಿವರಿಸಿದೆ. ಮೂಡಲಗಿಯವರಿಂದ ದೂರು ಬರಲಿಲ್ಲವೆಂಬುದನ್ನೂ ಪ್ರಮಾಣವಾಗಿ ಮುಂದಿಟ್ಟೆ. ಅವರು ಇನ್ನೂ ಹಳೆಯ ಕಾರ್ಡು ಪೆಟ್ಟಿಗೆಯಲ್ಲೇ ಹುಡುಕುತ್ತಿದ್ದಾರೆಂಬುದು ನನಗೆ ಆಮೇಲೆ ತಿಳಿಯಿತು.

ಆ ಸೋಮವಾರ ತನಿಖಾಧಿಕಾರಿ ಬಂದರು. ಮಿತಭಾಷಿಯಾದ ತರುಣಿ, ಚಹಾ ಬೇಡವೆಂದದ್ದರಿಂದ ನಮ್ಮ ಭಯ ಇಮ್ಮಡಿಯಾಯಿತು. ಸರ್ವರ್ ತಾನೇ ಬರೆದುಕೊಂಡಿದ್ದ ದಾಖಲೆಯನ್ನು ತೆರೆದು ಬಹಳ ಹೊತ್ತು ಓದಿದರು. ನಾನು ಗೋಡೆಗೊರಗಿ ನಿಂತಿದ್ದೆ. ಕಾಲಸೂಚಿಯ ಒಂದು ಪ್ರತಿಯನ್ನಾದರೂ ಕಾಗದದಲ್ಲಿ ಉಳಿಸಿಕೊಳ್ಳಬೇಕಿತ್ತು ಎನ್ನಿಸುತ್ತಿತ್ತು.

"ನಿಮ್ಮದು ಎರಡು ಪ್ರೊಸೆಸರಿನ ಲೈಸೆನ್ಸ್, ಅಲ್ಲವೇ?" ಎಂದು ಕೇಳಿದರು.

"ಎರಡೇ. ಮೂರನೆಯದನ್ನು ಮುಟ್ಟಿಲ್ಲ."

"ಎರಡನೆಯದನ್ನೂ ಮುಟ್ಟಿಲ್ಲ, ಸರ್. ಮೊದಲ ದಿನದಿಂದ ಒಂದರಲ್ಲೇ ನಡೆಸಿದ್ದೀರಿ. ಇಷ್ಟು ಸಂಯಮದ ಗ್ರಾಹಕರನ್ನು ನಾನು ನೋಡಿಲ್ಲ."

ಲೈಸೆನ್ಸ್ ಉಳಿಯಿತು, ಕಾಲಸೂಚಿಯೂ ಉಳಿಯಿತು. ಅವರು ಹೋದ ಮೇಲೆ ಶಿವಲಿಂಗಪ್ಪನವರು ಕನ್ನಡಕ ಏರಿಸಿ ದಾಖಲೆಯನ್ನು ತಾವೂ ನೋಡಿದರು. ಮೊದಲು ಸೊನ್ನೆ, ಅದರ ಪಕ್ಕದಲ್ಲೇ ಒಂದು ಎಂದು ನಮೂದಾಗಿತ್ತು. ಸ್ವಲ್ಪ ಹೊತ್ತಿಗೆ ತಿದ್ದುಪಡಿ: ಬರೀ ಒಂದು. ಎರಡು ನಮೂದೂ ನನ್ನ ಹೆಸರಿನಲ್ಲಿ.

"ಸರ, ಮಂದಿ ಒಂದನೇ ತಾರೀಖಿಗೆ ಸೊನ್ನಿ ಒಂದು ಅಂತ ಬರದ್ರ, ಆ ಸೊನ್ನಿ ನೋಡಿ ನಿಮಗ ಮೈ ಉರೀತೈತಿ. ಪೆನ್ನ ತಗೊಂಡು ಹೊಡದ ಹಾಕ್ತೀರಿ. ಖರೆ ಹೇಳ್ರಿ, ಇಲ್ಲೂ ಹಂಗ ಮಾಡೀರಿ, ಹೌದಲ್ರಿ?"

"ನನಗೆ ನೆನಪಿಲ್ಲ."

"ಬರೋಬರಿ. ಈಗ ಕಮಲಕ್ಕಗ ಫೋನ್ ಯಾರು ಮಾಡ್ತೀರಿ?"

ಅವರೇ ಮಾಡಿದರು. ಆ ಕಡೆಯ ನಗು ನನಗೂ ಕೇಳಿಸಿತು. ಸೊನ್ನೆಯನ್ನು ಸ್ವಸ್ಥಾನದಲ್ಲಿ ಕೂಡಿಸಿದೆ. ಹುಡುಕಾಟ ಈಗ ಚುರುಕಾಗಿದೆ, ಮನಸ್ಸೂ ನೆಮ್ಮದಿಯಾಗಿದೆ. ಉಳಿದಿರುವುದು ಒಂದೇ ಪ್ರಶ್ನೆ. ಎರಡನ್ನೂ ಒಪ್ಪಿಸಿದೆನೆಂದು ನನ್ನ ಸ್ಮೃತಿ ಸ್ಪಷ್ಟವಾಗಿ ಹೇಳುತ್ತದೆ. ಒಂದೇ ಎಂದು ಸಮಕಾಲೀನ ದಾಖಲೆ ಹೇಳುತ್ತದೆ. ಸ್ಮೃತಿಗೂ ದಾಖಲೆಗೂ ವಿರೋಧ ಬಂದಲ್ಲಿ ದಾಖಲೆಯನ್ನೇ ನಂಬಬೇಕೆಂದು ನಾನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಬೋಧಿಸಿದ್ದೇನೆ. ಆ ಸೂತ್ರದಲ್ಲಿ ನನ್ನ ನಂಬಿಕೆ ಅಚಲ. ಸದ್ಯಕ್ಕೆ, ದಾಖಲೆಯೇ ಖೋಟಾ ಇರಬಹುದೇ ಎಂದು ಪರಿಶೀಲಿಸುತ್ತಿದ್ದೇನೆ.