ಡಿ ಡ್ರೈವಿನ ನವಿಲು

ಮನೆಯನ್ನು ಚೊಕ್ಕಟವಾಗಿಡುವ ಹುಚ್ಚಿರುವವರಲ್ಲಿ ಎರಡು ಬಗೆ. ಒಂದು ಬಗೆಯವರು ಧೂಳು ಹೊಡೆಯುತ್ತಾರೆ, ನೆಲ ಒರೆಸುತ್ತಾರೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ಇನ್ನೊಂದು ಬಗೆಯವರು ಬೇಡದ್ದನ್ನು ಎಸೆಯುತ್ತಾರೆ. ನಾನು ಈ ಎರಡನೆಯ ಬಗೆ. ಬೇಡದ್ದು ಯಾವುದೆಂದು ತೀರ್ಮಾನಿಸುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿಲ್ಲ, ನಾನೇ ತೆಗೆದುಕೊಂಡಿದ್ದೇನೆ. ಒಂದೇ ಥರದ ಎರಡು ಸೌಟು ಕಂಡರೂ ನನಗೆ ಸಮಾಧಾನವಿಲ್ಲ. ಒಮ್ಮೆ ನಮ್ಮವರ ಬಲಗಾಲಿನ ಚಪ್ಪಲಿ ಒಂಟಿಯಾಗಿ ಬಿದ್ದಿತ್ತೆಂದು ಗುಜರಿಗೆ ಹಾಕಿಬಿಟ್ಟೆ. ಎಡಗಾಲಿನದು ಹೊಲಿಗೆಗೆ ಹೋಗಿತ್ತಂತೆ.

ಚಳ್ಳಕೆರೆಯಲ್ಲಿ ಸೈಬರ್ ಕೆಫೆಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ ನಮ್ಮ ಮನೆಗೂ ಕಂಪ್ಯೂಟರ್ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್, ನಮ್ಮವರು ಇನ್ನೊಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹನ್ನೆರಡು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಬಂದಿದ್ದರಿಂದ ಮನೆಯ ತಜ್ಞೆ ನಾನೇ. ಯಂತ್ರ ನಿಧಾನವಾಯಿತೆಂದು ಒಂದು ದಿನ ಸಿ.ಡಿ. ತಂದು ಹೊಸದಾಗಿ ವಿಂಡೋಸ್ ಹಾಕಿದೆ. ಮೊದಲು ಹಳೆಯದನ್ನು ತೆಗೆಯಬೇಕೆಂಬ ಪಾಠ ಬಹುಶಃ ಹದಿಮೂರನೆಯ ದಿನದ್ದು. ಹಳೆಯದು ಸಿ ಡ್ರೈವಿನಲ್ಲಿ ಹಾಗೇ ಉಳಿಯಿತು, ಹೊಸದು ಡಿ ಡ್ರೈವಿನಲ್ಲಿ ಸಂಸಾರ ಹೂಡಿತು. ಅಂದಿನಿಂದ ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಹೆಸರಿನ ಎರಡು ಸಾಲು. ಯಾವುದು ಬೇಕೋ ಆರಿಸಿಕೊಳ್ಳಬೇಕು. ಹೊಸದರಲ್ಲಿ ಸ್ಪೀಕರು ಉಸಿರೆತ್ತುತ್ತಿರಲಿಲ್ಲವಾದ್ದರಿಂದ ಇಬ್ಬರೂ ಹಳೆಯದನ್ನೇ ಆರಿಸುತ್ತಿದ್ದೆವು. ಯಾರೂ ಬಳಸದ ಒಂದು ಜೋಡಿ ಮನೆಯಲ್ಲಿದೆ ಎಂದರೆ ನನಗೆ ಹೇಗಾಗಿರಬೇಡ!

ನಮ್ಮವರ ಊರು ಮೊಳಕಾಲ್ಮುರು. ಮಾವನವರದು ರೇಷ್ಮೆ ಸೀರೆಯ ಮಗ್ಗ. ಒಂದು ಕಾಲದಲ್ಲಿ ತಾವೇ ನೇಯುತ್ತಿದ್ದ ನವಿಲಂಚಿನ ಸೀರೆಯನ್ನು ಮತ್ತೆ ನೇಯಬೇಕೆಂದು ಅವರಿಗೆ ಆಸೆ. ನೇಯಲು ಮೊದಲು ಅಂಚಿನ ನಕ್ಷೆ ಬೇಕು; ಅದನ್ನು ನೋಡಿ ರಟ್ಟಿಗೆ ಹೊಡೆದ ತೂತುಗಳೇ ಯಾವ ಎಳೆ ಎತ್ತಬೇಕೆಂದು ಮಗ್ಗಕ್ಕೆ ಹೇಳುತ್ತವೆ. ಆದರೆ ಆ ನಕ್ಷೆ ಬರೆದಿದ್ದ ಚೌಕುಳಿ ಕಾಗದವನ್ನು ಗೆದ್ದಲು ಅರ್ಧ ಮುಗಿಸಿತ್ತು. ಉಳಿದರ್ಧವನ್ನು ಭೂತಗನ್ನಡಿಯಲ್ಲಿ ನೋಡುತ್ತ ನಮ್ಮವರು ಮೂರು ತಿಂಗಳ ಭಾನುವಾರಗಳನ್ನು ಸುರಿದು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿದ್ದರು. ನವಿಲಿಗೆ ಕೊಕ್ಕು, ಕುತ್ತಿಗೆ, ಕಾಲು ಬಂದಿದ್ದವು. ಬಾಲ ಮಾತ್ರ ಗೆದ್ದಲಿನ ಪಾಲಾಗಿತ್ತು.

ಆ ಭಾನುವಾರ ಅವರು ಊರಿಗೆ ಹೋಗಿದ್ದರು. ಕಣ್ಣಿನ ಆಪರೇಷನ್ ಆಗಿ ನಮ್ಮಲ್ಲೇ ಇದ್ದ ಅತ್ತೆ, ಕಪ್ಪು ಕನ್ನಡಕ ಹಾಕಿಕೊಂಡು ಮೊರದ ತುಂಬ ಶೇಂಗಾ ಸುಲಿಯುತ್ತಿದ್ದರು. ಟಿವಿ, ಕಂಪ್ಯೂಟರ್ ಯಾವುದನ್ನೂ ನೋಡಕೂಡದೆಂದು ಡಾಕ್ಟರ ಅಪ್ಪಣೆ.

"ಏನ್ ಮಾಡ್ತಿದ್ದೀಯೆ ಅಮ್ಮಾಯಿ?" ಎಂದರು.

"ಬೇಡದ್ದೊಂದು ಐತೆ ಅತ್ತೆಮ್ಮ, ತೆಗೀತಿದ್ದೀನಿ."

"ನೇಯ್ದಿರೋ ಸೀರೆ ಎತ್ತಿಟ್ಕೊಂಡೆಯಾ? ಅದನ್ನ ಎತ್ತಿಟ್ಕೊಳ್ದೆ ಮಗ್ಗದ ಮೇಲಿನ ಹಾಸು ಕತ್ತರಿಸ್ಬಾರ್ದು ನೋಡು."

"ಇದು ಮಗ್ಗ ಅಲ್ಲ ಅತ್ತೆಮ್ಮ," ಎಂದು ನಕ್ಕೆ. ಒಂದೊಂದೇ ಹುಡುಕಿ ಅಳಿಸುವ ತಾಳ್ಮೆ ನನಗಿಲ್ಲ. ಇಡೀ ಡಿ ಡ್ರೈವನ್ನೇ ಫಾರ್ಮ್ಯಾಟ್‌ಗೆ ಹಾಕಿದೆ. ಎಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಯಂತ್ರ ವಿನಯದಿಂದಲೇ ಕೇಳಿತು. ಆಗಬಹುದು ಎಂದೆ. ತರಬೇತಿಯ ನೋಟ್‌ಬುಕ್ ನೋಡಿ ಕಪ್ಪು ಪರದೆಯ ಪಟ್ಟಿಯಿಂದ ಆ ಇನ್ನೊಂದು ಸಾಲನ್ನೂ ಕಿತ್ತೆ. ಮತ್ತೆ ಸ್ವಿಚ್ ಒತ್ತಿದರೆ ಯಾವ ಪ್ರಶ್ನೆಯೂ ಇಲ್ಲದೆ ನೆಟ್ಟಗೆ ತೆರೆದುಕೊಂಡಿತು. ಆ ಖುಷಿಗೆ ಕೇಸರಿಬಾತ್ ಮಾಡಿದೆ.

ಬಾಣಲೆ ಇಳಿಸುವಷ್ಟರಲ್ಲಿ ಮೊಳಕಾಲ್ಮುರಿನಿಂದ ಫೋನು. "ಮಗ್ಗಕ್ಕೆ ಹಾಸು ಏರ್ಸಿ ಆಯ್ತು ಕಣೆ," ಎಂದರು ನಮ್ಮವರು. "ನಕ್ಷೆ ನೋಡಿ ರಟ್ಟಿಗೆ ತೂತು ಹೊಡಿಯೋರು ನಾಳೆ ಬೆಳಿಗ್ಗೆ ಬರ್ತಾರೆ. ಬಾಲ ಇಲ್ದಿದ್ರೂ ಆಯ್ತು, ಇದ್ದಷ್ಟು ಪ್ರಿಂಟ್ ತೆಗ್ಸಿ ಸಾಯಂಕಾಲದ ಬಸ್ಸಿಗೆ ಕೊಡು. ಖಾಲಿ ಜಾಗ ಐತೆ ಅಂತ ಡಿ ಡ್ರೈವಲ್ಲೇ ಇಟ್ಟಿದ್ದೀನಿ. ಅಪ್ಪ ಮಗ್ಗದ ಮುಂದೆನೇ ಕುಂತವ್ರೆ."

ಡಿ ಡ್ರೈವನ್ನು ತೆರೆದೆ. ಅಷ್ಟು ಚೊಕ್ಕಟವಾದ ಜಾಗವನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಮಾವನವರ ಮುಖ ಕಣ್ಣೆದುರು ಬಂದು ಅಳುವೇ ಬಂದುಬಿಟ್ಟಿತು. "ಅತ್ತೆಮ್ಮ, ನವಿಲು ಹೋಯ್ತು," ಎಂದೆ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನಾನೇ ಅಳಿಸ್ಬಿಟ್ಟೆ."

"ಕಾಗ್ದ ಐತಲ್ಲ?"

ಕಾಗದವನ್ನು ಹಿಂದಿನ ವಾರವೇ ಎಸೆದಿದ್ದೆ. ಕಂಪ್ಯೂಟರಿನಲ್ಲಿ ಬಂದ ಮೇಲೆ ಅದು ಎರಡನೆಯದಲ್ಲವೇ? ಅದನ್ನೂ ಹೇಳಿದೆ. ಬೈಗುಳಕ್ಕೆ ತಲೆಬಗ್ಗಿಸಿ ನಿಂತರೆ ಅತ್ತೆ ಕನ್ನಡಕ ಜಾರುವಂತೆ ನಗತೊಡಗಿದರು.

"ನವಿಲಂಚು ತಾನೆ? ರಟ್ಟು ಗಿಟ್ಟು ಬರೋಕೆ ಮುಂಚೆ ನಿಮ್ಮಾವನ ಪಕ್ಕ ಕುಂತು ಹದಿನೈದು ವರ್ಷ ಎಳೆ ಎತ್ತಿದ್ದು ಯಾರು ಅನ್ಕಂಡೆ? ಕುಂದ್ರು. ನಾನ್ ಹೇಳ್ತೀನಿ, ನೀನು ತುಂಬು."

"ಮೂರು ತಿಂಗ್ಳಿಂದ ಇವ್ರು ಒದ್ದಾಡ್ತಿದ್ರಲ್ಲ, ಯಾಕೆ ಹೇಳ್ಲಿಲ್ಲ?"

"ನನ್ನನ್ ಯಾರು ಕೇಳಿದ್ರು?"

ಅತ್ತೆ ಎಣಿಸುವುದು ತೆಲುಗಿನಲ್ಲಿ. "ರೆಂಡು ಬಿಡು, ಮೂಡು ಎತ್ತು, ಒಕಟಿ ಬಿಡು..." ಎರಡು ಬಿಟ್ಟು, ಮೂರು ಎತ್ತಿ, ಒಂದು ಬಿಡಬೇಕು; ಬಿಟ್ಟದ್ದು ಖಾಲಿ ಚೌಕ, ಎತ್ತಿದ್ದು ಬಣ್ಣದ ಚೌಕ. ಹೇಳುತ್ತ ಹೇಳುತ್ತ ಅವರ ಬೆರಳು ಮಡಿಲಿನ ಮೇಲೆ ಇಲ್ಲದ ಎಳೆಗಳನ್ನು ಎತ್ತುತ್ತಿದ್ದವು. ತುಂಬಿದ್ದನ್ನೆಲ್ಲ ನಾನು ಗಟ್ಟಿಯಾಗಿ ಒಪ್ಪಿಸಬೇಕು. ತಪ್ಪಿದರೆ ಆ ಸಾಲು ಮೊದಲಿನಿಂದ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನಾನು ಎರಡು ಮೂರರ ನಡುವೆ ಒಂಬತ್ತು ಸಲ ಎಡವಿದೆ. ದೀಪ ಹಚ್ಚುವ ಹೊತ್ತಿಗಿಂತ ಮುಂಚೆಯೇ ನವಿಲು ಎದ್ದು ನಿಂತಿತು, ಗೆದ್ದಲು ತಿಂದಿದ್ದ ಬಾಲದ ಸಮೇತ. ಸುಳ್ಳೇಕೆ, ಬಿ.ಎಡ್. ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಫ್ಲಾಪಿ ಹಿಡಿದು ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಓಡಿ, ಪ್ರಿಂಟ್ ತೆಗೆಸಿ ಬಸ್ಸಿಗೆ ಕೊಟ್ಟು ಬಂದೆ. ಕೇಸರಿಬಾತ್ ತಣ್ಣಗಾಗಿತ್ತು, ಆದರೂ ಇಬ್ಬರೂ ಎರಡೆರಡು ಸಲ ಹಾಕಿಕೊಂಡೆವು.

ಮರುದಿನ ನಮ್ಮವರ ಫೋನು. "ಬಾಲ ಎಲ್ಲಿಂದ ಬಂತೇ? ಅಪ್ಪ ನಕ್ಷೆ ಹಿಡ್ಕಂಡು ಓಣಿಗೆಲ್ಲ ತೋರ್ಸ್ಕಂಬರೋಕೆ ಹೋಗವ್ರೆ!"

ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡರು. "ನಿನ್ ಹೆಂಡ್ತಿ ಕಂಪ್ಯೂಟರು ಕ್ಲೀನ್ ಮಾಡಿದ್ಳಪ್ಪ. ಕಸ ಹೋದ್ಮೇಲೆ ಬಾಲ ಕಾಣ್ತು."

ಡ್ರಾಯಿಂಗ್ ಮೇಷ್ಟ್ರು ನಂಬಿದರು. ಅವರು ನಂಬಿದ ಮೇಲೆ ಓಣಿಯೂ ನಂಬಿತು. ವಾರದೊಳಗೆ ಮೊಳಕಾಲ್ಮುರಿನ ನಾಲ್ಕು ಮನೆಗಳಿಂದ ಕರೆ ಬಂತು: ನಮ್ಮ ಕಂಪ್ಯೂಟರನ್ನೂ ಬಂದು ಕ್ಲೀನ್ ಮಾಡಿಕೊಡಬೇಕು ಟೀಚರಮ್ಮ. ಖಂಡಿತ ಬರುತ್ತೇನೆ, ಆದರೆ ಅತ್ತೆಯವರನ್ನು ಬಿಟ್ಟು ಒಬ್ಬಳೇ ಬರಲಾರೆ ಎಂದು ತಿಳಿಸಿದೆ. ಎಷ್ಟು ಒಳ್ಳೆಯ ಸೊಸೆ ಎಂದು ಓಣಿಯ ಹೆಂಗಸರು ಕಣ್ಣೊರೆಸಿಕೊಂಡರಂತೆ.