ಫ್ರೇಮಿನೊಳಗಿನ ಚಿಕ್ಕಮ್ಮ

ಮುಖದ ಗುರುತು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕಳೆದ ಭಾನುವಾರದವರೆಗೂ ನಂಬಿದ್ದೆ.

ಯಲ್ದೂರಿನ ಲಲಿತಮ್ಮ ನನ್ನ ಹೆಂಡತಿ ಸರಳಾಳ ಚಿಕ್ಕಮ್ಮ. ಟೀವಿಗೆ ಆಗತಾನೇ ಬಣ್ಣ ಬಂದಿದ್ದ ಕಾಲದಲ್ಲಿ, ಹೆಸರಾಂತ ನರ್ತಕಿಯೊಬ್ಬರ ವಿಶೇಷ ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಲ್ಲಿ ಕುಣಿದಿದ್ದರು. ಅದು ಪ್ರಸಾರವಾದ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ತಮ್ಮ ಕುಣಿತವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಅವರಿಗೆ ಎಪ್ಪತ್ತು ತುಂಬುವ ವಾರವೇ, ಮಾಲೂರಿನ ಮನೆಯಲ್ಲಿ ಮೊಬೈಲ್ ಉಜ್ಜುತ್ತಾ ಕುಳಿತಿದ್ದ ನನಗೆ ಆ ಕಾರ್ಯಕ್ರಮ ಸಿಕ್ಕಿಬಿಟ್ಟಿತು!

ಹದಿನಾರು ಜನ. ಹದಿನಾರು ಜಡೆ. ಒಬ್ಬರ ಸೀರೆಯ ಬಣ್ಣ ಪಕ್ಕದವರ ಕೆನ್ನೆಗೆ ಸೋರಿತ್ತು.

"ಎಡದಿಂದ ಮೂರನೆಯವರು. ಇವರೇ ಚಿಕ್ಕಮ್ಮ," ಎಂದು ಘೋಷಿಸಿದೆ.

"ಸರಿಯಾಗಿ ನೋಡ್ರೀ. ನಂಗೇ ಗೊತ್ತಾಗ್ತಿಲ್ಲ."

"ಮೂಗು ನೋಡೇ! ನಿಮ್ಮ ಮನೆತನದ ಮೂಗು ಕಣೇ ಅದು!"

ಸರಳಾ ತನ್ನ ಮೂಗು ಮುಟ್ಟಿ ನೋಡಿಕೊಂಡಳು.

ಆ ಮುಖವನ್ನು ದೊಡ್ಡದು ಮಾಡಿಸಲು ಸ್ಟುಡಿಯೋಗೆ ಒಯ್ದೆ.

"ಸಾರ್, ಮುಖ ಹಸಿರಾಗಿದೆಯಲ್ಲ?" ಎಂದರು ಸ್ಟುಡಿಯೋದವರು.

"ಗುಲಾಬಿ ಮಾಡಿ."

"ಮೂಗಿನ ಕೆಳಗೆ ಏನೋ ಕಪ್ಪಗಿದೆ."

"ಹಳೇ ಟೀವಿ ಕಣ್ರೀ. ಒರೆಸ್ಬಿಡಿ!"

ಭಾನುವಾರ ಯಲ್ದೂರಿನ ಮನೆಯ ತುಂಬ ನೆಂಟರು. ಪುಟ್ಟ ಭಾಷಣ ಬಿಗಿದು, ಫ್ರೇಮಿನ ಮೇಲಿನ ಕಾಗದ ಸರಿಸಿದೆ. ಚಿಕ್ಕಮ್ಮ ಕನ್ನಡಕ ಹಾಕಿ ನೋಡಿದರು. ತೆಗೆದು ನೋಡಿದರು.

"ಯಾರಿದು, ಅಳಿಯಂದ್ರೇ?"

"ನೀವೇ ಚಿಕ್ಕಮ್ಮ!"

"ನಾನಾ?"

ಪಕ್ಕದ ಮನೆಯ ನಂಜಮ್ಮ ಇಣುಕಿ, "ಈಮೆ ಆಮೆ ಕಾದಪ್ಪಾ, ಇವಳು ಅವಳಲ್ಲ, ಬೇರೆ ಯಾರೋ," ಎಂದು ತೆಲುಗು-ಕನ್ನಡ ಎರಡರಲ್ಲೂ ತೀರ್ಪು ಕೊಟ್ಟರು.

ಸಾಕ್ಷ್ಯ ಒದಗಿಸಲು ಕಾರ್ಯಕ್ರಮವನ್ನು ಚಿಕ್ಕಮ್ಮನ ಮನೆಯ ದೊಡ್ಡ ಟೀವಿಗೆ ಹಾಕಿದೆ. "ನಂದು ಕೆಂಪು ಸೀರೆ," ಎಂದರು ಚಿಕ್ಕಮ್ಮ. ಬಣ್ಣ ಸರಿಪಡಿಸೋಣವೆಂದು ರಿಮೋಟ್ ಒತ್ತಿದೆ. ಹದಿನಾರು ಜನವೂ ನೀಲಿಯಾದರು! ಮತ್ತೆ ಒತ್ತಿದೆ. ನರ್ತಕಿಯೂ ನೇರಳೆ! ಈಗ ಕೆಂಪು ಯಾವುದು, ಚಿಕ್ಕಮ್ಮ ಯಾರು, ನಾನು ಒತ್ತಿದ್ದು ಏನು, ಒಂದೂ ತಿಳಿಯದಾಯಿತು.

"ನಿಲ್ಸಿ!" ಚಿಕ್ಕಮ್ಮ ಎದ್ದುಬಿಟ್ಟರು.

ಟೀವಿಯಲ್ಲಿ, ವೇದಿಕೆಯ ಕಂಬದ ಪಕ್ಕ ಒಬ್ಬ ಹುಡುಗಿ. ಉಳಿದವರೆಲ್ಲ ತಿರುಗಿದ ಮೇಲೆ ತಿರುಗುತ್ತಿದ್ದಳು. ಚಿಕ್ಕಮ್ಮ ಹತ್ತಿರ ಹೋಗಿ ಪರದೆಯ ಮೇಲೆ ಕೈಯಿಟ್ಟರು.

"ನೋಡೇ ಸರಳಾ, ಎಷ್ಟು ಸಣ್ಣಗಿದ್ದೆ ನಾನು... ಇನ್ನೊಂದ್ಸಲ ಹಾಕಿ."

ಏಳು ಸಲ ಹಾಕಿದೆವು. ನೇರಳೆ ಬಣ್ಣದಲ್ಲೇ. ನನ್ನ ಕಣ್ಣೂ ಒದ್ದೆಯಾಯಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ಹಾಗಾದ್ರೆ ಫ್ರೇಮಲ್ಲಿರೋರು ಯಾರು?"

"ಗೋವಿಂದಪ್ಪ, ನಮಗೆ ತಾಳ ಹಾಕ್ತಿದ್ದವನು," ಎಂದರು ಚಿಕ್ಕಮ್ಮ. "ಅವತ್ತು ಒಬ್ಬಳು ಹುಡುಗಿ ಬರಲಿಲ್ಲ. ಅವನಿಗೇ ಸೀರೆ ಉಡಿಸಿ ನಿಲ್ಲಿಸಿದ್ರು. ಮೀಸೆ ಬೋಳಿಸಲ್ಲ ಅಂತ ಹಟ ಮಾಡಿ, ಅದರ ಮೇಲೇ ಬಣ್ಣ ಬಳ್ಕೊಂಡಿದ್ದ!"

ಮನೆಯಿಡೀ ನಕ್ಕಿತು. ನಂಜಮ್ಮ ಗೋಡೆ ಹಿಡಿದುಕೊಂಡು ನಕ್ಕರು.

ವಾಪಸ್ ಬರುವಾಗ ಬಸ್ಸಿನಲ್ಲಿ ಸರಳಾ ಕೇಳಿದಳು: "ಅಲ್ಲಾ ರೀ, ಹೆಣ್ಣು ನೋಡೋಕೆ ಬಂದಾಗ ನನ್ನನ್ನ ಹೇಗೆ ಗುರುತು ಹಿಡಿದ್ರಿ?"

ನಾನು ಕಿಟಕಿಯಾಚೆಯ ಮಾವಿನ ತೋಪುಗಳನ್ನು ಗಮನವಿಟ್ಟು ನೋಡತೊಡಗಿದೆ. ಅಂದು ನಾನು ಒಪ್ಪಿಗೆಯೆಂದು ತಲೆಯಾಡಿಸಿದ್ದು ಕಾಫಿ ತಂದಿಟ್ಟ ಅವಳ ಅಕ್ಕನನ್ನು ನೋಡಿ. ಆಕೆಗೆ ಆಗಲೇ ಮದುವೆಯಾಗಿತ್ತು!