ಸಾಹೇಬರ ಸಕ್ಕರೆ ಮತ್ತು ಸರ್ವರಿನ ನಿಯಮ

ಸಾಹೇಬರು ಒಂದು ವಾಕ್ಯ ಹೇಳಿ ಚಹಾಕ್ಕೆ ಹೋಗುತ್ತಾರೆ. ಅದನ್ನು ಸರ್ವರ್ ಯಂತ್ರಕ್ಕೆ ತಿಳಿಯುವಂತೆ ನಿಯಮ ಮಾಡಿ ಕೂರಿಸುವುದು ನನ್ನ ಕೆಲಸ. ಅಂಕೋಲೆಯ ನಮ್ಮ ಆಸ್ಪತ್ರೆಯಲ್ಲಿ ಇದರಿಂದಾಗುವ ಫಜೀತಿ ತಿಂಗಳಿಗೊಂದಾದರೂ ಇದ್ದೇ ಇದೆ.

೧. ಅಳಿಸಬಾರದು

"ಒಮ್ಮೆ ಬರೆದದ್ದನ್ನು ಯಾರೂ ಅಳಿಸಕೂಡದು" ಎಂದರು ಆಡಳಿತಾಧಿಕಾರಿ ಸಾಹೇಬರು. ಡೇಟಾಬೇಸಿನಲ್ಲಿ ಅಳಿಸುವ ಅಧಿಕಾರವನ್ನು ಎಲ್ಲರಿಂದ ಕಿತ್ತುಕೊಂಡೆ, ನನ್ನಿಂದಲೂ. ಮರುದಿನವೇ ಕೌಂಟರಿನವಳು ರಾಮನಗುಳಿಯ ಅಜ್ಜನೊಬ್ಬನ ಮೊಣಕಾಲು ನೋವನ್ನು ಹೆರಿಗೆ ವಾರ್ಡಿಗೆ ನೋಂದಾಯಿಸಿಬಿಟ್ಟಳು. ಅಲ್ಲಿಂದ ಹೊರಬರಲು ಕಂಪ್ಯೂಟರಿನಲ್ಲಿದ್ದ ದಾರಿ ಒಂದೇ: 'ಹೆರಿಗೆ ಸುಸೂತ್ರ, ಬಿಡುಗಡೆ'. ಅದನ್ನೇ ಒತ್ತಿದೆವು. ಅಜ್ಜ ಚೀಟಿ ಓದಿಸಿ ಕೇಳಿ, "ಅಡ್ಡಿಲ್ಲ. ಮಗು ಎಲ್ಲದೆ? ಬರಿಗೈಲಿ ಹೋದ್ರೆ ಮನೇಲಿ ಕೇಳ್ತಾರೆ" ಎಂದ.

೨. ಸಂಬಂಧಿಕರು

ಸಾಹೇಬರಿಗೆ ಸಕ್ಕರೆ ಕಾಯಿಲೆಯೆಂಬ ಸುದ್ದಿ ಅವರಿಗಿಂತ ಮೊದಲೇ ಕಾರವಾರದ ಮನೆ ತಲುಪಿತ್ತು. ಲ್ಯಾಬಿನಲ್ಲಿ ಅವರ ಹೆಂಡತಿಯ ಚಿಕ್ಕಮ್ಮನ ಮಗನಿದ್ದ. ಅಂದಿನಿಂದ ಮನೆಯಲ್ಲಿ ಮಣಗಣೆ ಪಾಯಸ ಬಂದ್. ಇನ್ನೊಂದು ರಿಪೋರ್ಟ್ ಹೆಂಡತಿಗೆ ಮುಟ್ಟಿದರೆ ಚಹಾದ ಸಕ್ಕರೆಯೂ ಹೋದಂತೆ.

ಆಜ್ಞೆ ಬಂತು: "ಸಂಬಂಧಿಕರ ರಿಪೋರ್ಟನ್ನು ಸಂಬಂಧಿಕರು ತೆರೆಯಕೂಡದು."

ಯಾರಿಗೆ ಯಾರು ಸಂಬಂಧ ಎಂದು ಸರ್ವರ್ ಯಂತ್ರಕ್ಕೇನು ಗೊತ್ತು? ನೆಂಟರ ಹೆಸರು ಬರೆದುಕೊಡಿ ಎಂದು ಸಿಬ್ಬಂದಿಗೆಲ್ಲ ಫಾರ್ಮ್ ಹಂಚಿದೆ; ಯಾರ ಹೆಸರು ಬರೆದರೋ ಅವರ ರಿಪೋರ್ಟ್ ಬರೆದವರಿಗೆ ತೆರೆಯದು. ಬೆಳಂಬಾರದ ನರ್ಸು ಮೂರು ಸಲ ಹೆಚ್ಚಿನ ಹಾಳೆ ಕೇಳಿದಳು. ಕೊನೆಗೆ ಬೇಸತ್ತು "ಬೆಳಂಬಾರ, ಪೂರ್ತಿ" ಎಂದು ಬರೆದು ಸಹಿ ಹಾಕಿದಳು.

೩. ಉಳಿದವಳು

ಸಾಹೇಬರ ಮುಂದಿನ ರಿಪೋರ್ಟ್ ಬಂತು. ಲ್ಯಾಬಿನಲ್ಲಿ ಯಾರು ತೆರೆಯಹೋದರೂ 'ಅನುಮತಿ ಇಲ್ಲ'. ಎಲ್ಲರೂ ಅವರ ಹೆಂಡತಿಯ ತವರು ಅಮದಳ್ಳಿಗೆ ಒಂದಲ್ಲ ಒಂದು ಕಡೆಯಿಂದ ನೆಂಟರೇ. ತೆರೆದದ್ದು ಒಬ್ಬಳಿಗೆ ಮಾತ್ರ: ಅದೇ ಲ್ಯಾಬಿನಲ್ಲಿದ್ದ ಹೆಂಡತಿಯ ಸ್ವಂತ ತಂಗಿಗೆ! ಬಾವಿಯೊಂದರ ಜಗಳದಲ್ಲಿ ಅಕ್ಕ-ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅವಳ ಫಾರ್ಮಿನಲ್ಲಿ ಅಕ್ಕ-ಭಾವನ ಹೆಸರೇ ಇರಲಿಲ್ಲ.

ಸಾಹೇಬರ ಮುಖ ಅರಳಿತು. ಮಾತೇ ಇಲ್ಲದವಳು ಸುದ್ದಿ ಮುಟ್ಟಿಸುವುದು ಹೇಗೆ? ನನ್ನ ಬೆನ್ನು ತಟ್ಟಿದರು.

ಅವಳು ಅಂಕಿ ನೋಡಿದಳು. ಭಾವನನ್ನು ನೋಡಿದಳು. ಮೊಬೈಲ್ ತೆಗೆದಳು.

"ಅಕ್ಕಾ, ನಾನು. ಜಗಳ ಆಮೇಲೆ ಆಡ್ವ. ಭಾವಂಗೆ ಸಕ್ಕರೆ ಮುನ್ನೂರಾ ಹತ್ತು ಅದೆ."

ಆಚೆ ಅಳು, ಈಚೆ ಅಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಸಾಹೇಬರೊಬ್ಬರೇ ಒಣಗಿ ನಿಂತಿದ್ದರು. ಕೊನೆಗೆ ಅವಳು ಮೂಗೊರೆಸಿಕೊಂಡು ನನ್ನತ್ತ ತಿರುಗಿದಳು.

"ನನ್ನ ಫಾರ್ಮ್ ಕೊಡಿ, ಅಕ್ಕ-ಭಾವನ ಹೆಸರು ಬರೀಬೇಕು."

ಕೊಟ್ಟೆ. ಪೆನ್ನು ಹಿಡಿದವಳು ಹಾಗೇ ನಿಂತಳು.

"ಬರ್ದ್ರೆ ಭಾವಂದು ನಂಗೂ ತೆರೀದಿಲ್ಲ, ಅಲ್ದಾ? ತಡೀರಿ ಹಂಗಾರೆ. ಕೊಲೆಸ್ಟ್ರಾಲೂ ನೋಡ್ಕಂಡೇ ಬರೀತೆ."